ನಾಲ್ಕು ಬಿಳಿ ಬೆರಳು

ಕಿಮ್‌ಚಾಂಗೆ ಫೋಟೋ ಅಂದರೆ ಆಗದು ಎಂದೇನಲ್ಲ. ಮಗಳ ಮದುವೆಯಲ್ಲಿ ಬೀಗರಿಗಿಂತ ಮುಂದೆ ನಿಂತು ಹಲ್ಲು ಕಿರಿದವಳು ಅವಳು. ಆದರೆ ಆ ಮಾರ್ಚ್ ತಿಂಗಳಲ್ಲಿ ಮಾತ್ರ, ಊರಿಗೆ ಬೀಸುವ ಬಿರುಗಾಳಿ ತಡೆಯುವ ಕಲ್ಲಿನ ಗಾಳಿಸಿಂಹ ದೇವರೇ ಬಂದು ಕರೆದಿದ್ದರೂ ಕ್ಯಾಮೆರಾದ ಮುಂದೆ ನಿಲ್ಲುವ ಹೆಂಗಸಾಗಿರಲಿಲ್ಲ.

ಊರ ಮುಖ್ಯಸ್ಥ ಬುನ್‌ತೋಕ್ ಬಂದಾಗ ಅವಳು ಹೊಸ್ತಿಲಲ್ಲಿ ಕೂತು ಸಿಂಪಿ ಬಿಡಿಸುತ್ತಿದ್ದಳು. ಪೋಸೈ ಊರಲ್ಲಿ ಎಲ್ಲರೂ ಲೀ ಮನೆತನದವರೇ. ಕಿಮ್‌ಚಾಂ ಆ ಮನೆತನಕ್ಕೆ ಸೊಸೆಯಾಗಿ ಬಂದವಳು, ಹಾಗಾಗಿ ಅರ್ಧ ಊರಿಗೆ ಅತ್ತಿಗೆ.

“ಅತ್ತಿಗೆ, ಸುದ್ದಿ ಕೇಳಿದ್ರಾ? ಎಂಟು ದೇಶದ ಸಂಸತ್ ಸದಸ್ಯರು ನಮ್ಮೂರಿಗೆ ಬರ್ತಿದ್ದಾರೆ! ಕಿನ್ಮೆನ್ ಅಂತ ನಮ್ಮ ದ್ವೀಪದ ಹೆಸರು ಹೇಳಿ ಅವರವರ ಸಂಸತ್ತಲ್ಲಿ ನಮ್ಮ ಪರವಾಗಿ ನಿರ್ಣಯ ಮಾಡಿದ್ದಾರಂತೆ. ಎಲ್ರೂ ಕೈ ಎತ್ತಿದ್ರಂತೆ.”

“ಕೈ ಎತ್ತೋದಕ್ಕೇನು ಕಾಸು ಕೊಡಬೇಕಾ?”

“ಹಂಗನ್ನಬೇಡಿ. ಆಚೆ ದಡದ ಸರ್ಕಾರದ ಆ ಬಿಳಿ ಕಾವಲು ಹಡಗುಗಳು ವಾರ ವಾರ ನಮ್ಮ ನೀರಿಗೇ ನುಗ್ತಾ ಇದಾವೆ. ನಾಳೆ ಹೆಚ್ಚುಕಮ್ಮಿ ಆದ್ರೆ ಕೇಳೋರು ಯಾರು? ಇವರೇ ತಾನೇ?” ಬುನ್‌ತೋಕ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ದನಿ ಇಳಿಸಿದ. “ಅವತ್ತು ದೇವಸ್ಥಾನದ ಅಂಗಳದಲ್ಲಿ ಊಟ. ನಿಮ್ಮ ಕೈಯ ಸಿಂಪಿ ಶಾವಿಗೆ ಇಲ್ದೆ ಅದು ಊಟಾನೇ ಅಲ್ಲ. ನೀವು ಬಡಿಸಬೇಕು, ಅವರ ಜೊತೆ ಒಂದು ಫೋಟೋ, ಅಷ್ಟೆ.”

“ಯಾವತ್ತು?”

“ಚಾಂದ್ರಮಾನ ಹನ್ನೊಂದನೇ ತಾರೀಕು. ಹನ್ನೊಂದು ಗಂಟೆಗೆ ಬಂದು ಒಂದೂವರೆಗೆ ಹೊರಡ್ತಾರೆ.”

ಕಿಮ್‌ಚಾಂ ಬೆರಳು ಮಡಚಿ ಲೆಕ್ಕ ಹಾಕಿದಳು. ಹನ್ನೊಂದನೇ ತಾರೀಕಿನ ಉಬ್ಬರ ಬೆಳಗ್ಗೆ ಎಂಟಕ್ಕೆ, ತಳ ಇಳಿತ ಮಧ್ಯಾಹ್ನ ಎರಡಕ್ಕೆ. ಅವರು ಬರುವ ಹೊತ್ತಿಗೆ ಸರಿಯಾಗಿ ನೀರು ಹಿಂದೆ ಸರಿದು ಕೆಸರುಬಯಲು ತೆರೆದುಕೊಂಡಿರುತ್ತದೆ. ಅವಳ ಮುಖ ಅರಳಿತು.

“ಅಯ್ಯೋ, ಅವತ್ತು ನನಗೆ ಇಳಿತ ಕಣಯ್ಯಾ! ಸಿಂಪಿ ಬಿಟ್ಟು ಬರಕ್ಕಾಗುತ್ತಾ? ಶಾವಿಗೆ ಬೆಳಗ್ಗೇನೇ ಬೇಯಿಸಿ ಕೊಡ್ತೀನಿ, ಬಡಿಸೋರು ಬಡಿಸ್ಕೊಳ್ಳಿ.”

ಬುನ್‌ತೋಕ್ ಅವಳ ಮುಖವನ್ನೇ ನೋಡಿದ. ಅವಳು ಫೋಟೋ ತಪ್ಪಿಸುವ ಕಾರಣ ಇಡೀ ಊರಿಗೆ ಗೊತ್ತಿತ್ತು, ಅವನಿಗೂ. “ಪೇಯುನ್‌ಗೆ ದಿನ ತುಂಬ್ತಾ ಬಂತಾ?” ಅಂದ.

“ಇನ್ನು ಇಪ್ಪತ್ತು ದಿನ,” ಅಂದಳು ಕಿಮ್‌ಚಾಂ. ಅವನು ಮತ್ತೆ ಒತ್ತಾಯ ಮಾಡಲಿಲ್ಲ.

ಪೇಯುನ್ ಅವಳ ಒಬ್ಬಳೇ ಮಗಳು. ಬೇರೆ ಸರ್ಕಾರದ ಆಳ್ವಿಕೆಯಲ್ಲಿರುವ ಆಚೆ ದಡದ ಶಿಯಾಮೆನ್‌ನಲ್ಲಿ ಸಂಸಾರ. ಅಲ್ಲಿಗೆ ದೋಣಿಯಲ್ಲಿ ಅರ್ಧ ಗಂಟೆ. ತಮ್ಮದೇ ರಾಜಧಾನಿ ತೈಪೆಗೆ ಹೋಗುವುದಕ್ಕಿಂತ ಹತ್ತಿರ, ಅಗ್ಗ, ಹೊಟ್ಟೆ ತೊಳಸುವುದೂ ಕಡಿಮೆ. ಅಳಿಯ ಜಿಯಾನ್‌ಬಿನ್ ಅಲ್ಲಿನ ಒಂದು ಸರ್ಕಾರಿ ಶಾಲೆಯ ಮೇಷ್ಟ್ರು. ಸಾಧು ಮನುಷ್ಯ, ಜಿರಲೆ ಕಂಡರೂ ಪಕ್ಕಕ್ಕೆ ಸರಿದು ದಾರಿ ಬಿಡುವಂಥವನು. ಏಳು ವರ್ಷ ಕಾದು, ಎರಡು ಸಲ ಕಳೆದುಕೊಂಡು, ಈಗ ಪೇಯುನ್ ತುಂಬು ಬಸುರಿ. ಬಾಣಂತನ ತಾಯಿಯದು. ಮೂವತ್ತು ದಿನ ಬಾಣಂತಿ ಹೊರಗೆ ಕಾಲಿಡಬಾರದು, ತಣ್ಣೀರು ಮುಟ್ಟಬಾರದು. ಎಳ್ಳೆಣ್ಣೆ, ಹಳೇ ಶುಂಠಿ, ಅಕ್ಕಿಯ ಮದ್ಯ ಹಾಕಿ ಬೇಯಿಸಿದ ಕೋಳಿಯನ್ನು ತಾಯಿ ಕೈಯಾರೆ ಉಣ್ಣಿಸಬೇಕು. ಅದಿಲ್ಲದಿದ್ದರೆ ಮುಪ್ಪಿನಲ್ಲಿ ಕೀಲು ಕೀಲೂ ಗಾಳಿ ಹಿಡಿಯುತ್ತದೆ ಎಂಬುದು ಕಿಮ್‌ಚಾಂಳ ಅಚಲ ನಂಬಿಕೆ. ಅವಳಿಗೇ ಹಿಡಿದಿತ್ತಲ್ಲ! ಅವಳ ತಾಯಿ ಬೇಗ ತೀರಿಕೊಂಡಿದ್ದಳು, ಪೇಯುನ್‌ಳನ್ನು ಹೆತ್ತ ಹನ್ನೆರಡನೇ ದಿನಕ್ಕೆ ಕಿಮ್‌ಚಾಂ ಸಿಂಪಿ ಕೀಳಲು ಕೆಸರಿಗೆ ಇಳಿದಿದ್ದಳು.

ಮಗಳು ಫೋನಿನಲ್ಲಿ ಮೊದಲೇ ಎಚ್ಚರಿಸಿದ್ದಳು. “ಅಮ್ಮಾ, ಅಲ್ಲಿಗೆ ಯಾರೋ ಪರದೇಶದ ಎಂಪಿಗಳು ಬರ್ತಾರಂತೆ. ನೀನು ದಯವಿಟ್ಟು ಅವರ ಹತ್ರ ಸುಳೀಬೇಡ. ಇವರ ಕೆಲಸದ ಕರಾರು ಏಪ್ರಿಲಲ್ಲಿ ಹೊಸದಾಗಬೇಕು. ಹೋದ ವರ್ಷ ಇನ್ನೊಬ್ಬ ಮೇಷ್ಟ್ರ ಹೆಂಡತಿ ಕಡೆಯೋರು ಇಲ್ಲಿನ ಸರ್ಕಾರಕ್ಕೆ ಆಗದೋರ ಜೊತೆ ಯಾವುದೋ ಫೋಟೋದಲ್ಲಿ ಇದ್ರು ಅಂತ ಏನೇನೋ ಆಯ್ತು.”

“ಸುಮ್ನಿರೇ, ನಾನು ಸಮುದ್ರದಲ್ಲಿರ್ತೀನಿ. ಅಲ್ಲಿಗೆ ಯಾವ ಎಂಪಿ ಬರ್ತಾನೆ?” ಅಂದಿದ್ದಳು ಕಿಮ್‌ಚಾಂ.

ಅರವತ್ಮೂರು ವರ್ಷ ಆ ದ್ವೀಪದಲ್ಲಿ ಬದುಕಿದವಳು. ಬೆಸ ತಾರೀಕಿನಂದು ಆಚೆಯಿಂದ ಗುಂಡು ಬೀಳುತ್ತದೆ, ಸಮ ತಾರೀಕಿನಂದು ಇಲ್ಲ ಎಂದು ಲೆಕ್ಕ ಹಾಕಿ ಬಟ್ಟೆ ಒಣಹಾಕುತ್ತಿದ್ದ ಕಾಲದಲ್ಲಿ ಬೆಳೆದವಳು. ಲೆಕ್ಕದಲ್ಲಿ ಎಂದೂ ತಪ್ಪದವಳು. ಈ ಸಲ ಇಳಿತದ ಲೆಕ್ಕವೇನೋ ಸರಿಯೇ ಇತ್ತು; ಅವಳು ಮರೆತದ್ದು ಮಂಜನ್ನು. ಮಾರ್ಚಿನಲ್ಲಿ ಕಿನ್ಮೆನ್‌ಗೆ ವಿಮಾನ ಹೊತ್ತಿಗೆ ಸರಿಯಾಗಿ ಬಂದಿದ್ದು ಯಾವ ಕಾಲಕ್ಕೆ? ಹಾಲುಗಲ್ಲದ ಮಗುವಿಗೂ ಗೊತ್ತಿರುವ ಸಂಗತಿ. ಆದರೆ ವಿಮಾನ ಹತ್ತದವರಿಗೆ ಅದು ನೆನಪಿಗೆ ಬರಬೇಕಲ್ಲ!

ಹನ್ನೊಂದನೇ ತಾರೀಕು ಬೆಳಗ್ಗೆ ಮಂಜು ಊರನ್ನೇ ನುಂಗಿತ್ತು. ಕಿಮ್‌ಚಾಂ ಶಾವಿಗೆಯ ಹಂಡೆಯನ್ನು ದೇವಸ್ಥಾನಕ್ಕೆ ಕಳಿಸಿ, ತಲೆಗೆ ಹೂವಿನ ಬಟ್ಟೆ, ಅದರ ಮೇಲೆ ಬಿದಿರಿನ ಟೋಪಿ, ಕಣ್ಣೆರಡು ಬಿಟ್ಟು ಮುಖಕ್ಕೆಲ್ಲ ವಸ್ತ್ರ ಸುತ್ತಿಕೊಂಡು, ಬುಟ್ಟಿ, ಉಳಿ, ಕೂರುವ ಹಲಗೆ ಹಿಡಿದು ಕೆಸರಿಗೆ ಇಳಿದಳು. ಹಾಗೆ ಸುತ್ತಿಕೊಂಡರೆ ಹೆತ್ತ ಮಗಳೂ ಗುರುತು ಹಿಡಿಯಲಾರಳು. ಸಿಂಪಿ ಬೆಳೆಸಲು ನೆಟ್ಟ ಸಾಲುಸಾಲು ಕಲ್ಲುಕಂಬಗಳ ನಡುವೆ ಕೂತು, ಕಂಬಕ್ಕೆ ಕಚ್ಚಿಕೊಂಡ ಸಿಂಪಿಯನ್ನು ಕೀಳುತ್ತ, ಒಂದು ಗಂಟೆಯಾಯಿತು, ಒಂದೂವರೆಯಾಯಿತು ಎಂದು ಅಂದಾಜು ಮಾಡಿದಳು. ಹೋಗಿರುತ್ತಾರೆ, ಪೀಡೆ ಕಳೆಯಿತು ಎಂದುಕೊಂಡಳು.

ಅವರು ಬಂದಿರಲೇ ಇಲ್ಲ. ಮಂಜು ಕರಗಿ ವಿಮಾನ ಇಳಿದಾಗಲೇ ಒಂದೂವರೆ. ಊಟ ರದ್ದು, ಭಾಷಣ ರದ್ದು. ಉಳಿದದ್ದು ಒಂದೇ: ದಡದಲ್ಲಿ ಹಿಂದೆ ಸೈನಿಕರು ನೆಟ್ಟ ಮೊನಚು ಕಂಬಿಗಳನ್ನು ನೋಡುವುದು. ಆಚೆಯ ದೋಣಿ ದಡ ಹತ್ತದಿರಲಿ ಎಂದು ಹಳೇ ರೈಲು ಕಂಬಿಗಳನ್ನು ಓರೆಯಾಗಿ ಹೂತಿದ್ದ ಸಾಲು ಅದು. ಫೋಟೋಕ್ಕೆ ಚೆನ್ನಾಗಿ ಬರುತ್ತದೆಯಲ್ಲ! ಎರಡೂವರೆಗೆ ಇಪ್ಪತ್ತು ಜನರ ಗುಂಪು ಕಲ್ಲುದಾರಿಯಲ್ಲಿ ಕೆಸರುಬಯಲಿನತ್ತ ಬರುವುದನ್ನು ಕಂಡು ಕಿಮ್‌ಚಾಂ ಕಂಬದ ಹಿಂದೆ ಬೆನ್ನು ತಿರುಗಿಸಿ ಕೂತಳು.

ಹೆಂಗಸೊಬ್ಬಳ ಕಿರುಚು ಕೇಳಿತು. ತಿರುಗಿ ನೋಡಿದರೆ ಕೆಂಪು ಕೋಟಿನ ಎತ್ತರದ ಹೆಂಗಸು, ಕಲ್ಲುದಾರಿ ಬಿಟ್ಟು ಕಂಬಿಗಳ ಹತ್ತಿರ ಹೋಗಲು ಹೊರಟವಳು, ಮೊಣಕಾಲು ಮೀರಿ ಹೂತು ನಿಂತಿದ್ದಾಳೆ. ಕಿಮ್‌ಚಾಂಳಿಂದ ಹದಿನೈದು ಮಾರು ದೂರ. ಅವಳ ಹೆಸರು ಬಿರ್ಗಿತ್, ಉತ್ತರದ ಯಾವುದೋ ಚಳಿದೇಶದ ಸಂಸದೆ ಎಂಬುದೆಲ್ಲ ಆಮೇಲೆ ತಿಳಿದದ್ದು. ದಡದ ಮೇಲಿದ್ದವರು “ಓ, ಓ” ಎಂದು ಕೂಗುವುದರಲ್ಲೇ ಇದ್ದರು. ಪೊಲೀಸಿನವನೊಬ್ಬ ಬೂಟು ಬಿಚ್ಚುತ್ತಿದ್ದ. ಆ ಮಹಾತಾಯಿ ಒಂದು ಕಾಲು ಕೀಳಲು ಇನ್ನೊಂದು ಕಾಲನ್ನು ಊರುತ್ತಾಳೆ, ಊರಿದ್ದು ಇನ್ನೂ ಆಳಕ್ಕೆ ಹೋಗುತ್ತದೆ. ಕೆಸರಿಗೆ ಇಳಿದವರೆಲ್ಲರೂ ಮೊದಲು ಮಾಡುವ ತಪ್ಪು ಇದೇ.

ಕಿಮ್‌ಚಾಂ ಹೋಗಬಾರದು ಎಂದುಕೊಂಡಳು. ನಿಜವಾಗಿಯೂ ಅಂದುಕೊಂಡಳು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಅವಳ ಅತ್ತೆಯ ಮಾತೊಂದಿತ್ತು: ಕೆಸರಲ್ಲಿ ಸಿಕ್ಕವರ ಊರು ಕೇಳಬಾರದು. ಆ ಅತ್ತೆ ಗುಂಡು ಬೀಳುವ ಕಾಲದಲ್ಲಿ ಆಚೆ ದಡದ ಬೆಸ್ತನೊಬ್ಬನನ್ನು ಇದೇ ಬಯಲಿನಿಂದ ಎಳೆದು ಹಾಕಿ, ಮೂರು ದಿನ ಸೈನಿಕರ ವಿಚಾರಣೆ ಎದುರಿಸಿದವಳು. ಕಿಮ್‌ಚಾಂ ಹಲಗೆ ಎತ್ತಿಕೊಂಡು ಓಡಿದಳು. ಕೆಸರಿನಲ್ಲಿ ಅವಳು ಓಡುವುದನ್ನು ನೋಡಬೇಕು, ಬಾತುಕೋಳಿಗೂ ಬರುವುದಿಲ್ಲ.

“ಮಲಕ್ಕೋ! ಅಲ್ಲಾಡಬೇಡ, ಬೋರಲು ಮಲಕ್ಕೋ!” ಎಂದು ಅರಚಿದಳು. ವಸ್ತ್ರದೊಳಗಿಂದ ಮಾತು ಗುಸುಗುಸು ಎಂದಿತೇ ಹೊರತು ಹೊರಗೆ ಬರಲಿಲ್ಲ. ಬಂದಿದ್ದರೂ ಆ ಭಾಷೆ ಅವಳಿಗೆ ಎಲ್ಲಿ ತಿಳಿಯಬೇಕು? ಬಿರ್ಗಿತ್ ಗಾಬರಿಯಲ್ಲಿ ಇನ್ನೂ ಜೋರಾಗಿ ಒದ್ದಾಡಿದಳು. ಆಗ ಕಿಮ್‌ಚಾಂ ಮುಖದ ವಸ್ತ್ರವನ್ನು ಗದ್ದದ ಕೆಳಕ್ಕೆ ಎಳೆದು, ಹಲಗೆಯನ್ನು ಆಕೆಯ ಮುಂದೆ ಎಸೆದು, ಕೆನ್ನೆಗೆ ಕೈಯಿಟ್ಟು ಮಲಗುವ ಅಭಿನಯ ಮಾಡಿ ತೋರಿಸಿದಳು. ಬಿರ್ಗಿತ್‌ಗೆ ಅರ್ಥವಾಯಿತು. ಹಲಗೆಯ ಮೇಲೆ ಎದೆಯೂರಿ ಬಿದ್ದಳು. ಕಿಮ್‌ಚಾಂ ಕೈ ಚಾಚಿದಳು, ಆಕೆ ಹಿಡಿದಳು, “ಹೂಂ, ಹೂಂ, ಬಾರಮ್ಮಾ” ಎಂದು ಇವಳು ಎಳೆದಳು. ಕಾಲು ಬಂತು, ಬೂಟು ಅಲ್ಲೇ ಉಳಿಯಿತು.

ಅಷ್ಟರಲ್ಲಿ ಫೋಟೋದವನು ತನ್ನ ಕೆಲಸ ಮುಗಿಸಿದ್ದ.

ಬಿರ್ಗಿತ್ ದಡದ ಮೇಲೆ ಕೂತು ಅತ್ತಳು, ನಕ್ಕಳು, ಕಿಮ್‌ಚಾಂಳ ಎರಡೂ ಕೈ ಹಿಡಿದು ಏನೇನೋ ಹೇಳಿದಳು. ಕೆಟ್ಟವಳಲ್ಲ, ಪಾಪ. ಕಿಮ್‌ಚಾಂ ಮಾತ್ರ ವಸ್ತ್ರವನ್ನು ಮತ್ತೆ ಮೂಗಿನ ಮೇಲಕ್ಕೆ ಏರಿಸಿ, ಬುನ್‌ತೋಕ್‌ನ ತೋಳು ಹಿಡಿದಳು.

“ಆ ಫೋಟೋ ಅಳಿಸಕ್ಕೆ ಹೇಳು. ಈಗಲೇ ಹೇಳು.”

“ಹೇಳ್ತೀನಿ ಅತ್ತಿಗೆ, ಹೇಳ್ತೀನಿ,” ಅಂದ ಬುನ್‌ತೋಕ್. ಹೇಳಿದನೋ ಇಲ್ಲವೋ, ಆ ದೇವರಿಗೇ ಗೊತ್ತು.

ಸಂಜೆಯೊಳಗೆ ಅದು ಊರೂರು ತಿರುಗಿತು. ಎಂಥ ಫೋಟೋ! ಹಿಂದೆ ಮೊನಚು ಕಂಬಿಗಳು, ಅದರಾಚೆ ಮಂಜಿನಲ್ಲಿ ಶಿಯಾಮೆನ್‌ನ ಗಗನಚುಂಬಿ ಕಟ್ಟಡಗಳು, ನಡುವೆ ಕೆಸರು ಮೆತ್ತಿದ ಮುದುಕಿಯೊಬ್ಬಳ ಮುಖ, ಅವಳ ಕೈ, ಕೆಂಪು ಕೋಟಿನ ಹೆಂಗಸಿನ ಕೈ. ಹಲಗೆಯಾಗಲಿ, ಹೂತ ಕಾಲಾಗಲಿ ಕಾಣದ ಹಾಗೆ ಚೌಕಟ್ಟು ಕತ್ತರಿಸಿದ್ದರು. ಕೆಳಗೆ ಬರೆದಿತ್ತು: ‘ಜಗತ್ತು ನಮ್ಮ ಕೈ ಹಿಡಿದಿದೆ.’

“ಯಾರು ಯಾರ ಕೈ ಹಿಡಿದಿದ್ದು? ಎಳೆದಿದ್ದು ನಾನು!” ಎಂದು ಕಿಮ್‌ಚಾಂ ಅಂಗಳದಲ್ಲಿ ನಿಂತು ಕೂಗಾಡಿದಳು. ಕೇಳಿದವರು ನಕ್ಕರು. ಮೀನಂಗಡಿಯವನು ಎರಡು ಮೀನು ಹೆಚ್ಚಿಗೆ ಕೊಟ್ಟ. ಹತ್ತು ದಿನದಲ್ಲಿ ದೋಣಿಕಟ್ಟೆಯ ಬಾಗಿಲ ಮೇಲೆ ಅದೇ ಫೋಟೋ ಎರಡಾಳೆತ್ತರದ ಫಲಕವಾಗಿ ನಿಂತಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಹಾಗಾಯಿತು ಅವಳ ಪಾಡು.

ಅಳಿಯ ಫೋನು ಮಾಡಿದ. ದನಿ ಎಷ್ಟು ಮೆತ್ತಗಿತ್ತೆಂದರೆ ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು.

“ಅತ್ತೆ, ನಮ್ಮ ಹೆಡ್‌ಮೇಷ್ಟ್ರು ಒಳ್ಳೆಯೋರು. ಒಂದು ದಾರಿ ಹೇಳಿದ್ದಾರೆ. ನೀವು ಫೋನಲ್ಲಿ ಒಂದು ವಿಡಿಯೋ ಮಾಡಿ ಕಳಿಸಿದ್ರೆ ಸಾಕಂತೆ. ನನಗೆ ಗೊತ್ತಿಲ್ದೆ ಫೋಟೋ ತೆಗೆದ್ರು, ಹೊರಗಿನವರು ನಮ್ಮ ಮನೆ ವಿಷಯಕ್ಕೆ ಕೈ ಹಾಕಬಾರದು ಅಂತ. ಒಂದೇ ವಾಕ್ಯ.”

“ಜಿಯಾನ್‌ಬಿನ್, ಅವಳು ಕೆಸರಲ್ಲಿ ಬಿದ್ದಿದ್ಲು, ನಾನು ಎಳೆದೆ. ಇಷ್ಟು ಹೇಳ್ತೀನಿ.”

“ಅಷ್ಟು ಸಾಲಲ್ಲ ಅತ್ತೆ,” ಅಂದ.

ಮಾರನೆಯ ದಿನವೇ ಬುನ್‌ತೋಕ್ ಮತ್ತೆ ಹೊಸ್ತಿಲಲ್ಲಿ ಹಾಜರು. ತೈಪೆಯಿಂದ ಟೀವಿಯವರು ಬರುತ್ತಾರಂತೆ. “ಒಂದೇ ವಾಕ್ಯ ಅತ್ತಿಗೆ. ನಾವು ಒಬ್ಬಂಟಿ ಅಲ್ಲ, ಇಡೀ ಜಗತ್ತು ನಮ್ಮ ಬೆನ್ನಿಗಿದೆ ಅಂತ. ಅಲ್ಲೇ ಬಿಳಿ ಹಡಗು ಓಡಾಡ್ತಿರೋವಾಗ ನೀವು ಬಾಯಿ ಮುಚ್ಕೊಂಡಿದ್ರೆ ಜನ ಏನಂತಾರೆ? ಮಗಳು ಆಕಡೆ ಇದಾಳೆ, ಅದಕ್ಕೇ ಇವಳೂ ಆಕಡೆಯೋಳೇ ಅನ್ನಲ್ವಾ?”

“ಅವಳು ಕೆಸರಲ್ಲಿ ಬಿದ್ದಿದ್ಲು, ನಾನು ಎಳೆದೆ. ಇದನ್ನ ಬೇಕಾದ್ರೆ ಟೀವಿಲಿ ಹೇಳ್ತೀನಿ.”

“ಅಷ್ಟು ಸಾಲಲ್ಲ ಅತ್ತಿಗೆ,” ಅಂದ ಬುನ್‌ತೋಕ್.

ಕಿಮ್‌ಚಾಂಗೆ ತಲೆ ಕೆಟ್ಟುಹೋಯಿತು. “ಎರಡೂ ದಡದೋರು ಒಂದೇ ಮೇಷ್ಟ್ರ ಹತ್ರ ಪಾಠ ಕಲಿತಿದ್ದೀರೇನಯ್ಯಾ? ಹೋಗು, ಹೋಗು!” ಎಂದು ಸಿಂಪಿಯ ಚಿಪ್ಪನ್ನು ಅವನ ಕಾಲ ಬಳಿ ಎಸೆದಳು. ಅವನು ಹೋದ ಮೇಲೆ ಒಳಗೆ ಬಂದು ಗಂಡನ ಪಟದ ಮುಂದೆ ಕೂತು ಅತ್ತಳು. ಈಕಡೆಯ ವಾಕ್ಯ ಹೇಳಿದರೆ ಮಗಳ ಬಾಗಿಲು ಮುಚ್ಚುತ್ತದೆ. ಆಕಡೆಯ ವಾಕ್ಯ ಹೇಳಿದರೆ ಈ ಊರಿನ ಬಾಗಿಲು ಮುಚ್ಚುತ್ತದೆ. ಗಂಡನ ಗೋರಿ ಇರುವ ಊರು, ನಲವತ್ತು ವರ್ಷ ನೆಟ್ಟ ಕಲ್ಲುಕಂಬಗಳ ಊರು. ಒಂದು ಕಾಲು ಕೀಳಲು ಹೋದರೆ ಇನ್ನೊಂದು ಹೂಳುತ್ತಿತ್ತು. ಮಲಗು ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಆದರೂ ಅವಳು ಹೊರಟಳು. ಟಿಕೆಟ್ ಇತ್ತು, ಪ್ರವೇಶಪತ್ರ ಇತ್ತು, ಯಾರೂ ಬರಬೇಡ ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ. ಗಾಳಿಸಿಂಹಕ್ಕೆ ಹೊಸ ಕೆಂಪು ನಿಲುವಂಗಿ ಹೊದಿಸಿ, ಎರಡು ಸೀಸೆ ಎಳ್ಳೆಣ್ಣೆ, ಶುಂಠಿ, ಮೂರು ಸೀಸೆ ಅಕ್ಕಿಮದ್ಯ, ಬೆಳ್ಳಗೆ ತೊಳೆದ ಎಳೇ ಬಟ್ಟೆಗಳ ಗಂಟು ಕಟ್ಟಿಕೊಂಡು ದೋಣಿಕಟ್ಟೆಗೆ ಬಂದಳು. ಜೊತೆಗೆ ಪಕ್ಕದ ಮನೆಯ ಲಾನ್. ಲಾನ್ ವಾರಕ್ಕೆರಡು ಸಲ ಜೋಳದ ಸಾರಾಯಿ ಹೊತ್ತು ಆಚೆ ಹೋಗಿ ಮಾರಿ ಬರುವವಳು, ಬಾಯಿಗೆ ಬೀಗವಿಲ್ಲದ ಹೆಂಗಸು.

“ಅಕ್ಕಾ, ನೋಡು ನೋಡು, ನಿನ್ನ ಮೂಗಿನ ಹೊಳ್ಳೆ ನನ್ನ ತಲೆಯಷ್ಟಿದೆ!” ಎಂದಳು ಫಲಕ ನೋಡಿ.

ಕಿಮ್‌ಚಾಂ ತಲೆ ಎತ್ತಲಿಲ್ಲ. ಆಗಲೇ ಫೋನು ಬಂತು. ಪೇಯುನ್.

“ಅಮ್ಮಾ, ಹೊರಟೆಯಾ?”

“ಇನ್ನೇನು ದೋಣಿ ಹತ್ತಬೇಕು. ನೋವು ಶುರುವಾಯ್ತಾ?”

“ಇಲ್ಲ.” ಮಗಳು ಮೂಗು ಒರೆಸಿಕೊಂಡದ್ದು ಕೇಳಿಸಿತು. “ಅಮ್ಮಾ, ಬರಬೇಡ. ಮನೆ ಕೆಳಗಡೆ ಸರ್ಕಾರದ ಕಡೆಯೋರು ಇಬ್ರು ಬಂದು ಅಮ್ಮ ಯಾವತ್ತು ಬರ್ತಾರೆ ಅಂತ ಕೇಳಿಕೊಂಡು ಹೋದ್ರು. ನಗ್ತಾನೇ ಕೇಳಿದ್ರು. ಇವರು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಏಪ್ರಿಲ್ ಕಳೀಲಿ. ಈಗ ಬೇಡ ಅಮ್ಮಾ.”

“ಬಾಣಂತನ ಏಪ್ರಿಲ್ ಕಳೆದ ಮೇಲೆ ಮಾಡಕ್ಕಾಗುತ್ತೇನೇ?” ಕಿಮ್‌ಚಾಂ ಕೂಗಿದಳು. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು, ಆಮೇಲೆ ಫಲಕ ನೋಡಿದರು, ಮತ್ತೆ ಅವಳನ್ನು ನೋಡಿದರು. “ಕೋಳಿ ಯಾರೇ ಬೇಯಿಸ್ತಾರೆ ನಿಂಗೆ?”

ಮಗಳು ಅಳುತ್ತಿದ್ದಳು. ಕಿಮ್‌ಚಾಂ “ಆಯ್ತು, ಅಳಬೇಡ, ಹೊಟ್ಟೆಲಿರೋದಕ್ಕೆ ಕೇಳಿಸುತ್ತೆ” ಎಂದು ಫೋನು ಇಟ್ಟಳು. ಗಂಟನ್ನು ಲಾನ್‌ಳ ಹೆಗಲಿಗೆ ಹಾಕಿದಳು. ಎಣ್ಣೆಯಲ್ಲಿ ಮೊದಲು ಶುಂಠಿ ಹುರಿಯಬೇಕು, ಶುಂಠಿಯ ಅಂಚು ಸುರುಟಿದ ಮೇಲೆ ಕೋಳಿ, ಮೊದಲ ವಾರ ಉಪ್ಪು ಬೇಡ ಎಂದು ಮೂರು ಸಲ ಹೇಳಿದಳು. ಲಾನ್ ಗಂಟನ್ನು ಎದೆಗೆ ಅವಚಿಕೊಂಡು ದೋಣಿ ಹತ್ತಿದಳು.

ಐದು ದಿನಕ್ಕೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ಫೋನಿನಲ್ಲಿ ಕಂಡ ಮುಖಕ್ಕೆ ಕಿಮ್‌ಚಾಂ ಮುತ್ತು ಕೊಟ್ಟಳು, ಗಾಜು ಮಸುಕಾಯಿತು. ಕೋಳಿ ಬೇಯಿಸುತ್ತಿದ್ದವನು ಅಳಿಯ. ಉಪ್ಪು ಹಾಕಿದ್ದಾನೇನೋ ಎಂಬ ಅನುಮಾನ ಅವಳನ್ನು ಬಿಡಲಿಲ್ಲ. ನಡುವೆ ಬಿರ್ಗಿತ್‌ಳ ಕಾಗದವೂ ಬಂತು, ಬುನ್‌ತೋಕ್ ಓದಿ ಹೇಳಿದ. ಎಳೆದದ್ದು ನೀವು, ನಾನಲ್ಲ. ಅದನ್ನು ನಮ್ಮ ಸಂಸತ್ತಿನಲ್ಲಿ ಎದ್ದುನಿಂತು ಹೇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು ಎಂದಿತ್ತು. “ಚಪ್ಪಾಳೆ ತಟ್ಟಿದ್ರಂತಾ? ಒಳ್ಳೇದಾಯ್ತು,” ಅಂದಳು ಕಿಮ್‌ಚಾಂ. ಅವಳ ಬಾಯಲ್ಲಿ ವ್ಯಂಗ್ಯವಿತ್ತೋ ಆಯಾಸವಿತ್ತೋ, ಬುನ್‌ತೋಕ್‌ಗೆ ತಿಳಿಯಲಿಲ್ಲ. ಅವನು ಕಾಗದವನ್ನು ನಾಲ್ಕಾಗಿ ಮಡಚಿ ಅವಳ ಕೈಗಿತ್ತು ಹೋದ.

ತಿಂಗಳು ತುಂಬಿದ ದಿನ ಲಾನ್ ಆಚೆಯಿಂದ ಬಂದವಳು ನೇರ ಕಿಮ್‌ಚಾಂಳ ಮನೆಗೆ ನುಗ್ಗಿದಳು. ಪೆಟ್ಟಿಗೆಯಲ್ಲಿ ಮಗುವಿಗೆ ತಿಂಗಳು ತುಂಬಿದ್ದಕ್ಕೆ ಹಂಚುವ ಎಣ್ಣೆ ಬೆರೆಸಿದ ಅನ್ನ, ಕೆಂಪು ಬಣ್ಣ ಹಾಕಿದ ಎರಡು ಮೊಟ್ಟೆ.

“ಮೂಗು ನಿಂದೇ ಅಕ್ಕಾ, ಪಾಪ ಆ ಮಗೂಗೆ!”

“ಬಾಯಿ ಮುಚ್ಚೇ. ತೋರಿಸು, ಫೋಟೋ ತೋರಿಸು.”

ಲಾನ್ ಫೋನು ತೆಗೆದಳು. ತೊಟ್ಟಿಲಲ್ಲಿ ಮಗು, ಮುಷ್ಟಿ ಬಿಗಿದುಕೊಂಡು ಮಲಗಿತ್ತು. ತೊಟ್ಟಿಲ ಮೇಲೆ ಗೋಡೆಗೆ ಏನೋ ಅಂಟಿಸಿದ್ದರು. ಕಿಮ್‌ಚಾಂ ಕನ್ನಡಕ ಹಾಕಿಕೊಂಡು ನೋಡಿದಳು. ಅವಳದೇ ಫೋಟೋ. ಕೆಸರು ಮೆತ್ತಿದ ಮುಖ, ಗದ್ದದ ಕೆಳಗೆ ಜಾರಿದ ವಸ್ತ್ರ, ಮುಂದಕ್ಕೆ ಚಾಚಿದ ತೋಳು. ಕೆಂಪು ಕೋಟಿನವಳು ಇರಲಿಲ್ಲ, ಕಂಬಿಗಳಿರಲಿಲ್ಲ, ಬರಹವಿರಲಿಲ್ಲ.

“ಪೇಯುನ್‌ದೇ ಕೆಲಸ. ಪ್ರಿಂಟ್ ಹಾಕಿಸಿ, ಅಡುಗೆಮನೆ ಕತ್ತರಿ ತಗೊಂಡು ಕತ್ತರಿಸಿದ್ದಾಳೆ,” ಅಂದಳು ಲಾನ್. “ಯಾರಾದ್ರೂ ಬಂದ್ರೆ ತೆಗೆದು ಬೀರುವಲ್ಲಿ ಇಡ್ತಾರೆ. ಹೋದ ಮೇಲೆ ಮತ್ತೆ ಅಂಟಿಸ್ತಾರೆ. ಮಗೂಗೆ ಅಜ್ಜಿ ಗುರುತು ಸಿಗಬೇಕಲ್ವಾ ಅಂತಾಳೆ.”

“ಇಲ್ಲೇನೋ ಬೆಳ್ಳಗಿದೆಯಲ್ಲ, ನನ್ನ ಕೈಯೊಳಗೆ?”

“ಅದಾ? ಆ ಪರದೇಶದೋಳ ಬೆರಳು, ನಾಲ್ಕು. ಅದನ್ನೂ ಕತ್ತರಿಸಿಬಿಡು ಅಂದನಂತೆ ಅಳಿಯ. ನೀನು ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೀಯಲ್ಲ ಅಕ್ಕಾ. ಅದನ್ನ ಕತ್ತರಿಸಿದ್ರೆ ನಮ್ಮಮ್ಮನ ಕೈಯೇ ತುಂಡಾಗುತ್ತೆ, ಇರ್ಲಿ ಬಿಡಿ ಅಂದ್ಲಂತೆ ಪೇಯುನ್.”

ಕಿಮ್‌ಚಾಂ ಬಹಳ ಹೊತ್ತು ನೋಡಿದಳು. ಕೈಯಲ್ಲಿ ಹಿಡಿದಿದ್ದ ಮೊಟ್ಟೆಯ ಕೆಂಪು ಬಣ್ಣ ಬೆವರಿಗೆ ಕರಗಿ ಅಂಗೈಗೆ ಹತ್ತಿತ್ತು. ಚಾಚಿದ ಕೈ ಮುಗಿದಲ್ಲಿ ಕಾಗದ ಮುಗಿದಿತ್ತು, ಅದರ ಕೆಳಗೆ ಗೋಡೆ, ಗೋಡೆಯ ಕೆಳಗೆ ಮಗುವಿನ ತಲೆ.

“ಲಾನ್, ನೀನು ಅಲ್ಲೇ ನಿಂತು ನೋಡಿದ್ದೀಯಲ್ಲ. ನನ್ನ ಕೈ ಮಗೂಗೆ ಮುಟ್ಟೋ ಹಂಗಿದೆಯೇನೇ?”

ಲಾನ್ ಸುಳ್ಳು ಹೇಳಲೋ ಬೇಡವೋ ಎಂದು ಯೋಚಿಸಿದಳು. ಆಮೇಲೆ ಹೆಬ್ಬೆರಳು ಕಿರುಬೆರಳು ಅಗಲಿಸಿ ತೋರಿಸಿದಳು.

“ಇನ್ನೊಂದು ಗೇಣು ಬೇಕಕ್ಕಾ.”